ದೊಡ್ಡಮಾದಪ್ಪನವರ ಹಂಪಿನ ಮೇಲೆ ಹಾಡು ನಿಂತದ್ದು

ಹೆಣ್ಣು ನೋಡಲು ಹೋದವನು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಎದ್ದು ಬಂದರೆ ಯಾವ ತಾಪತ್ರಯವೂ ಇಲ್ಲ. ನನ್ನ ಭಾವಮೈದ ಬಸವಕುಮಾರನಿಗೆ ಹನ್ನೊಂದು ಹೆಣ್ಣು ನೋಡಿದರೂ ಈ ವಿದ್ಯೆ ಹತ್ತಲಿಲ್ಲ. ಯಳಂದೂರಿನ ಪಕ್ಕದ ಹಳ್ಳಿಯಲ್ಲಿ ಮೂರೂವರೆ ಎಕರೆ ಅರಿಶಿನ ಮತ್ತು ಕಬ್ಬು, ಬತ್ತದ ಬೋರ್‌ವೆಲ್ಲು, ಒಬ್ಬ ತಾಯಿ, ವಯಸ್ಸು ಮೂವತ್ತನಾಲ್ಕು. ಬೀಡಿ ಇಲ್ಲ, ಬ್ರಾಂದಿ ಇಲ್ಲ. ಇರುವ ಕೆಟ್ಟ ಚಟ ಒಂದೇ, ಬಾಯಿ.

ನಾನು ಅವನ ಅಕ್ಕನ ಗಂಡ. ಸರ್ಕಾರಿ ಗುಮಾಸ್ತ. ಇಪ್ಪತ್ತಾರು ವರ್ಷ ಕಡತ ನೋಡಿದವನು. ಯಾವ ರಗಳೆಯನ್ನೇ ತಂದು ಮುಂದಿಟ್ಟರೂ ಅದಕ್ಕೆ ಮೂಲ ಯಾರು ಎಂದು ಎರಡು ಪುಟದೊಳಗೆ ಹೇಳಬಲ್ಲೆ ಎಂಬ ಹೆಮ್ಮೆ ನನಗಿತ್ತು. ಇತ್ತು ಎಂದೇ ಬರೆಯುತ್ತಿದ್ದೇನೆ, ಗಮನಿಸಬೇಕು.

ಹನ್ನೆರಡನೆಯ ಹೆಣ್ಣು ಸತ್ತೇಗಾಲದ ದೊಡ್ಡಮಾದಪ್ಪನವರ ಮೊಮ್ಮಗಳು ಭವ್ಯ. ಅವಳ ಅಪ್ಪ ಮನೆಗೆ ಅಂಟಿದ ಅಂಗಡಿಯಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಾರೆ. ಅಪ್ಪನಿಗಿಂತ ಮಗಳೇ ಚೆನ್ನಾಗಿ ತಂತಿ ಸುತ್ತುತ್ತಾಳೆ ಎಂದು ಊರಿನ ರೈತರು ಹೇಳುವುದುಂಟು. ಹುಡುಗಿ ಮಾತು ಕಡಿಮೆ, ಕಣ್ಣು ಚುರುಕು. ಕಾಫಿ ಲೋಟ ತೆಗೆದುಕೊಳ್ಳಲು ಬಂದವಳು ಏನಾದರೂ ಕೇಳಬೇಕಲ್ಲ ಎಂದು ಕೇಳಿದಳು.

"ಹಾಡು ಗೀಡು ಕೇಳ್ತೀರಾ?"

ಕೇಳುತ್ತೇನೆ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಸವಕುಮಾರ ಕಾಲಿನ ಮೇಲೆ ಕಾಲು ಹಾಕಿದ.

"ಕಾರ್ಗೆ ಫುಲ್ ಸೆಟ್ಟೇ ಆಕ್ಸಿವ್ನಿ. ಆಂಪ್ಲಿಫೈಯರ್ರು, ದೊಡ್ಡ ಸ್ಪೀಕರ್ರು, ಎಲ್ಲಾ ಅದ."

"ಆಂಪ್ಲಿಫೈಯರ್ ಎಷ್ಟು ವ್ಯಾಟು?"

"ಎಲ್ಲಾ ವ್ಯಾಟೂ ಅದ," ಎಂದ ನನ್ನ ಭಾವಮೈದ.

ಹುಡುಗಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವನ ಹಳೆಯ ಕಾರಿನಲ್ಲಿ ಆಗ ಸದ್ದು ಮಾಡುತ್ತಿದ್ದದ್ದು ಎಡಗಡೆಯ ಬಾಗಿಲು ಮಾತ್ರ.

ನಾವು ಹೊರಡುವಾಗ ದೊಡ್ಡಮಾದಪ್ಪನವರು ಜಗಲಿಯ ಮೇಲೆ ಕೂತಿದ್ದರು. ಎಂಬತ್ತೆರಡು ವರ್ಷ, ಸುಣ್ಣ ಬಳಿದಂಥ ಮೀಸೆ, ಆ ಮನೆಯಲ್ಲಿ ಅವರದೇ ಕೊನೆಯ ಮಾತು. "ಮುಂದಿನ ಸೋಮವಾರ ರಜ ಅದಲ್ಲ, ಅವತ್ತು ಬನ್ನಿ, ಯೋಳ್ತೀವಿ," ಎಂದರು. ನಮ್ಮ ಕಡೆ 'ನೋಡಿ ಹೇಳ್ತೀವಿ' ಎಂದರೆ ಇಲ್ಲ ಎಂದರ್ಥ. ಆದರೆ ದಿನ ಗೊತ್ತು ಮಾಡಿ ಹೇಳಿದವರು ಹನ್ನೆರಡರಲ್ಲಿ ಇವರೇ ಮೊದಲು. ಬಸವಕುಮಾರನಿಗೆ ಆವತ್ತಿನಿಂದ ನಿದ್ದೆ ಹತ್ತಲಿಲ್ಲ. ಹುಡುಗಿ ನಿಜವಾಗಿಯೂ ಅವನ ಮನಸ್ಸಿಗೆ ಹಿಡಿಸಿದ್ದಳು. ಆಡಿದ ಸುಳ್ಳು ಸೋಮವಾರದೊಳಗೆ ನಿಜವಾಗಬೇಕಿತ್ತು.

ಕೊಳ್ಳೇಗಾಲದಲ್ಲಿ ಕಾರುಗಳಿಗೆ ಹಾಡಿನ ಸೆಟ್ಟು ಹಾಕುವ ಮಣಿಕಂಠ ಎಂಬುವನಿದ್ದಾನೆ. ಶುಕ್ರವಾರ ಇಡೀ ದಿನ ಕೂತು ಹಾಕಿದ. ಡಿಕ್ಕಿಯೊಳಗೆ ಆಂಪ್ಲಿಫೈಯರು, ಅದರ ಪಕ್ಕ ಹಿಟ್ಟಿನ ಡಬ್ಬದಷ್ಟು ಸ್ಪೀಕರು, ಸೀಟಿನಡಿಯಲ್ಲಿ ಹಾವಿನ ಮರಿಗಳಂತೆ ವೈರು. ಶನಿವಾರ ಬೆಳಿಗ್ಗೆ ಬಸವಕುಮಾರ ನಮ್ಮ ಮನೆ ಬಾಗಿಲಿಗೆ ಕಾರು ತಂದು ನಿಲ್ಲಿಸಿ ಹಾಡು ಹಾಕಿದ. ನಮ್ಮ ಅಡುಗೆಮನೆಯ ಡಬ್ಬಗಳ ಮುಚ್ಚಳ ಕುಣಿದವು.

"ಭಾವ, ಬನ್ನಿ. ಸತ್ತೇಗಾಲಕ್ಕೆ ಓಗಿ ಹೊಳೇಲಿ ಕಾರು ತೊಳ್ಕಂಡು ಬರ್ಮ."

"ಕಾರು ತೊಳೆಯೋಕೆ ಮೂವತ್ತು ಕಿಲೋಮೀಟರ್ ಹೋಗ್ಬೇಕಾ? ನಿಮ್ಮ ಬೋರ್‌ವೆಲ್ಲಲ್ಲಿ ನೀರಿಲ್ವಾ?"

"ಕಾವೇರಿ ನೀರು ಬಣ್ಣಕ್ಕೆ ಒಳ್ಳೇದು," ಎಂದ.

ಎರಡನೇ ಶನಿವಾರ, ಭಾನುವಾರ, ಸೋಮವಾರ, ಸರ್ಕಾರ ಕೊಟ್ಟ ಮೂರು ದಿನದ ರಜೆಯನ್ನು ನಾನು ಹೀಗೆ ಕಾವೇರಿಗೆ ಅರ್ಪಿಸಿದೆ. ಮರ್ಯಾದೆಯ ಪ್ರಕಾರ ಹಿಂದಿನ ಸೀಟಿನಲ್ಲಿ ಕೂತೆ. ಮುಂದಿನ ಸೀಟಿನ ಬೆಲ್ಟು ನನ್ನನ್ನು ಸುತ್ತಿ ಬರುವುದಿಲ್ಲ ಎಂಬುದೂ ಒಂದು ಸಣ್ಣ ಕಾರಣ.

ಕೊಳ್ಳೇಗಾಲದಲ್ಲಿ ವೇಗ ತಡೆಯಲು ರಸ್ತೆಗೆ ಹಾಕಿದ ಒಂದು ಹಂಪಿನ ಮೇಲೆ ಹಾಡು ಒಮ್ಮೆ ನಿಂತಿತು. ಕೀ ತೆಗೆದು ಮತ್ತೆ ಹಾಕಿದಾಗ ಬಂತು. ಹೊಸದು, ಪಳಗಬೇಕು ಎಂದುಕೊಂಡೆವು. ಆಮೇಲೆ ಸತ್ತೇಗಾಲದವರೆಗೂ ಹಾಡಿನ ಅಬ್ಬರಕ್ಕೆ ಕಬ್ಬಿನ ಗದ್ದೆಯ ಕೊಕ್ಕರೆಗಳೆಲ್ಲ ಎದ್ದು ಹೋದವು. ದೊಡ್ಡಮಾದಪ್ಪನವರ ಮನೆ ಮುಂದೆ ಒಂದು ಹಂಪಿದೆ. ಯಾರದೋ ಮೋಟಾರುಬೈಕು ಅವರ ಮೇಕೆಗೆ ಗುದ್ದಿದ ವರ್ಷ ಅವರೇ ನಿಂತು ಹಾಕಿಸಿದ್ದು. ಯಾವ ಇಂಜಿನಿಯರನ ಅಳತೆಗೂ ಸಿಕ್ಕದ ಎತ್ತರ. ಬಸವಕುಮಾರ ದೂರದಿಂದಲೇ ಸದ್ದು ಜೋರು ಮಾಡಿ, ಕನ್ನಡಿಯಲ್ಲಿ ಕ್ರಾಪು ನೋಡಿಕೊಂಡು, ಮದುವೆ ಗಂಡಿನ ಗತ್ತಿನಲ್ಲಿ ಹಂಪು ಹತ್ತಿಸಿದ.

ಹಾಡು ಗಪ್ಪನೆ ನಿಂತಿತು.

ಆ ಮೌನದಲ್ಲಿ ಕಾರು ಆ ಮನೆಯ ಮುಂದೆ ಮೆಲ್ಲಗೆ ಜಾರಿ ಹೋಯಿತು. ಎಡ ಬಾಗಿಲು ಕಟಕಟ ಅಂದದ್ದು ಊರಿಗೆಲ್ಲ ಕೇಳಿರಬೇಕು. ನಾಚಿಕೆಗೆ ಅವನು ಅಲ್ಲಿ ನಿಲ್ಲಿಸಲಿಲ್ಲ. ಮುಂದೆ ಹುಣಸೆಮರ ದಾಟಿ ಕೀ ತೆಗೆದು ಹಾಕಿದ. ಹಾಡು ಮತ್ತೆ ಒದರಿತು. ಸಂಜೆ ವಾಪಸು ಬರುವಾಗಲೂ ಅಷ್ಟೇ. ಹಂಪಿನವರೆಗೆ ಅಬ್ಬರ, ಮನೆ ಮುಂದೆ ಮೌನ, ಆಚೆ ಹೋಗಿ ಮತ್ತೆ ಅಬ್ಬರ.

ವಾಪಸು ಬರುತ್ತ ಕೊಳ್ಳೇಗಾಲದಲ್ಲಿ ತೋರಿಸಿದೆವು. ಮಣಿಕಂಠ ಡಿಕ್ಕಿ ತೆಗೆದು ನೋಡಿ, "ಇದ್ಯಾರ್ ಸಾ ಕಂಬಳಿ ಒದ್ಸಿರೋದು?" ಎಂದ.

ಹೊದಿಸಿದವರು ನನ್ನ ಅತ್ತೆ ಶಿವರತ್ನಮ್ಮ. ಹೊಸ ಸಾಮಾನಿಗೆ ಧೂಳು ಬೀಳಬಾರದು, ಕಣ್ಣೂ ಬೀಳಬಾರದು ಎಂದು ಆಂಪ್ಲಿಫೈಯರಿಗೆ ಕಂಬಳಿ ಸುತ್ತಿ, ಮೇಲೊಂದು ನಿಂಬೆಹಣ್ಣು ಇಟ್ಟಿದ್ದರು.

"ಇದ್ಕ ಕಾವು ಜಾಸ್ತಿಯಾದ್ರೆ ನಿಂತೋಯ್ತದ ಸಾ. ವೈರು ಎಲ್ಲಾರ ತಾಕಿದ್ರೂ ನಿಂತೋಯ್ತದ. ಕೆಂಪು ಲೈಟು ಬಂತು ಅಂದ್ರೆ ತನ್ನ ತಾನೇ ಕಾಪಾಡ್ಕಳಕ ಬಾಯಿ ಮುಚ್ಕಂಡದ ಅಂತ ಅರ್ಥ."

ಅಪಾಯ ಕಂಡಾಗ ಬಾಯಿ ಮುಚ್ಚಿಕೊಳ್ಳುವ ಬುದ್ಧಿ ಡಬ್ಬಕ್ಕಿದೆ, ಅದನ್ನು ಕೊಂಡವನಿಗಿಲ್ಲವಲ್ಲ ಎಂದು ನನಗೆ ವ್ಯಸನವಾಯಿತು.

ಮಣಿಕಂಠ ಕಂಬಳಿ ತೆಗೆದ. ಅರ್ತಿಂಗ್ ವೈರಿನ ಬೋಲ್ಟು ಬಿಚ್ಚಿ, ಅಡಿಯ ಬಣ್ಣ ಕೆರೆದು ಬಿಗಿದ. ಆಮೇಲೆ ಒಬ್ಬನೇ ಕಾರು ತೆಗೆದುಕೊಂಡು ಕೊಳ್ಳೇಗಾಲದ ಎಲ್ಲ ಹಂಪುಗಳ ಮೇಲೂ ಹಾರಿಸಿಕೊಂಡು ಬಂದ. ಹಾಡು ಒಂದು ಸಲವೂ ನಿಲ್ಲಲಿಲ್ಲ. "ಫಸ್ಟ್ ಕ್ಲಾಸು ಸಾ," ಎಂದ.

ಭಾನುವಾರ ಮತ್ತೆ ಹೊರಟೆವು. ಇವತ್ತು ನೆಪ, ನಿನ್ನೆ ಹೊಳೆಯಲ್ಲಿ ಮರೆತು ಬಂದ ಮಗ್ಗು. ಹಂಪು ಹತ್ತಿತು, ಹಾಡು ನಿಂತಿತು. ಬಸವಕುಮಾರನ ಮುಖ ಇಷ್ಟಾಯಿತು. ಎದುರು ಮನೆಯ ಚನ್ನಾಜಮ್ಮ ಕಲ್ಲಿನ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ನಮ್ಮನ್ನು ನೋಡಿದಳು. ದೊಡ್ಡಮಾದಪ್ಪನವರ ಮುಚ್ಚಿದ ಬಾಗಿಲು ನೋಡಿದಳು. ಮತ್ತೆ ಇವನನ್ನು ನೋಡಿ, ಏನು ಎಂಬಂತೆ ಗಲ್ಲ ಎತ್ತಿದಳು. ಬಸವಕುಮಾರ ಆಂಪ್ಲಿಫೈಯರಿನ ದುಃಖದಲ್ಲಿ ತಲೆಯನ್ನು ಎರಡು ಸಲ ಅಡ್ಡಡ್ಡ ಆಡಿಸಿ, ಟವೆಲಿನಿಂದ ಮುಖದ ಬೆವರು ಒರೆಸಿಕೊಂಡ. ಚನ್ನಾಜಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಪರವಾಗಿಲ್ಲ, ಹಾಡು ನಿಂತದ್ದಕ್ಕೆ ಇಷ್ಟು ಮರುಗುವ ಜನವೂ ಈ ಕಾಲದಲ್ಲಿ ಇದ್ದಾರೆ ಎಂದು ನಾನು ಮೆಚ್ಚಿಕೊಂಡೆ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಮದುವೆ ಮೆರವಣಿಗೆಯೇ ಹೋಗಲಿ, ದೇವರ ಉತ್ಸವವೇ ಹೋಗಲಿ, ದಾರಿಯಲ್ಲಿ ಸಾವಾದ ಮನೆ ಸಿಕ್ಕರೆ ಅದರ ಮುಂದೆ ವಾದ್ಯ ಬಾರಿಸುವುದಿಲ್ಲ. ಬಾರಿಸಿಕೊಂಡು ಬಂದವರು ಮನೆ ಹತ್ತಿರ ಬಂದಂತೆ ನಿಲ್ಲಿಸಿ, ತಲೆ ತಗ್ಗಿಸಿ, ಸದ್ದಿಲ್ಲದೆ ದಾಟಿ, ಆಚೆ ಹೋಗಿ ಮತ್ತೆ ಎತ್ತಿಕೊಳ್ಳುತ್ತಾರೆ. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ, ಆದರೆ ಬರೆದಿಟ್ಟವಕ್ಕಿಂತ ಚೆನ್ನಾಗಿ ನಡೆಯುತ್ತದೆ.

ಚನ್ನಾಜಮ್ಮನ ಕಣ್ಣಿನಿಂದ ನೋಡಿ. ಬೀಗರಾಗಲಿರುವ ಮನೆಯ ಗಂಡು ಎರಡು ದಿನವೂ ಹಾಡು ಹಾಕಿಕೊಂಡು ಬಂದು, ಆ ಮನೆ ಮುಂದೆ ನಿಲ್ಲಿಸಿ, ದಾಟಿ ಮತ್ತೆ ಹಾಕಿಕೊಂಡಿದ್ದಾನೆ. ಒಮ್ಮೆಯಲ್ಲ, ಹೋಗುತ್ತ ಬರುತ್ತ ಪ್ರತಿ ಸಲವೂ. ಜಗಲಿ ಬಿಟ್ಟು ಏಳದ ಮುದುಕ ಎರಡು ದಿನದಿಂದ ಕಾಣುತ್ತಿಲ್ಲ. ಬಾಗಿಲು ಮುಚ್ಚಿದೆ, ವೈಂಡಿಂಗ್ ಅಂಗಡಿಗೂ ಬೀಗ. ನಿಜ ಸಂಗತಿ ಏನೆಂದರೆ, ದೊಡ್ಡಮಾದಪ್ಪನವರು ಶುಕ್ರವಾರ ಕೊಳ್ಳೇಗಾಲದಲ್ಲಿ ದವಡೆ ಹಲ್ಲು ಕೀಳಿಸಿಕೊಂಡು ಬಂದು, ಊದಿದ ಕೆನ್ನೆಯಲ್ಲಿ ಮೀಸೆ ಸೊಟ್ಟ ಕಾಣುತ್ತದೆಂದು ನಡುಮನೆಯಲ್ಲೇ ಉಳಿದಿದ್ದರು. ಮಗ, ಅಂದರೆ ಭವ್ಯಳ ಅಪ್ಪ, ಯಾರದೋ ಬೋರ್‌ವೆಲ್ಲಿಗೆ ಮೋಟರು ಇಳಿಸಲು ಎರಡು ದಿನದ ಮಟ್ಟಿಗೆ ಬೇರೆ ಊರಿಗೆ ಹೋಗಿದ್ದರು.

ಹೋಗಿ ಕೇಳಬಹುದಿತ್ತಲ್ಲ ಅಂದರೆ, ಬದುಕಿದ್ದಾರಾ ಎಂದು ಯಾವ ಮುಖ ಇಟ್ಟುಕೊಂಡು ಕೇಳುವುದು. ಶಾಸ್ತ್ರದ ಮಾತು ನಡೆದಿರುವ ಮನೆ, ಸೋಮವಾರ ಕಳೆಯಲಿ ಎಂದು ಸುದ್ದಿ ಬಚ್ಚಿಟ್ಟಿದ್ದಾರೆ ಎಂದು ಚನ್ನಾಜಮ್ಮ ತೀರ್ಮಾನಿಸಿದಳು. ಮನೆಯವರು ಹೇಳದಿದ್ದರೆ ನೆರೆಯವರಾದರೂ ನೆಂಟರಿಗೆ ತಿಳಿಸಬೇಕಲ್ಲ. ಅವಳ ಫೋನಿನಲ್ಲಿ ಕರೆನ್ಸಿ ಅಂದು ಬೆಳಿಗ್ಗೆಯಷ್ಟೇ ಹಾಕಿಸಿದ್ದಿತ್ತು.

ನಮಗಿದು ಯಾವುದೂ ಗೊತ್ತಿಲ್ಲ. ಆ ಸಂಜೆ ಮಣಿಕಂಠ ತಲೆ ಕೆರೆದುಕೊಂಡು, ಕೀ ಕಡೆಯಿಂದ ಬರುವ ಕರೆಂಟೇ ಸಾಲದೆಂದು ಸೆಟ್ಟನ್ನು ನೇರ ಬ್ಯಾಟರಿಗೆ ಕೊಟ್ಟ.

"ಇನ್ ಮ್ಯಾಕ ಕೀ ತೆಗುದ್ರೂ ಹಾಡ್ತದ ಸಾ. ನಿಮ್ಮ ಅಪ್ಪಣೆ ಇಲ್ದೆ ನಿಲ್ಲಾಕಿಲ್ಲ."

ಸೋಮವಾರ ಬಂತು. ಉತ್ತರ ಕೇಳುವ ದಿನ. ಬಸವಕುಮಾರ ಹಿಂದಿನ ಸೀಟಿನ ತುಂಬ ಬಾಳೆಹಣ್ಣಿನ ಚಿಪ್ಪು, ತೆಂಗಿನಕಾಯಿ, ಹೂವಿನ ಮಂಕರಿ ಜೋಡಿಸಿದ್ದ. ನಾನು ಮುಂದೆ ಕೂತು, ಸುತ್ತಿಕೊಳ್ಳದ ಬೆಲ್ಟನ್ನು ಪೊಲೀಸರ ಗೌರವಾರ್ಥ ಕೈಯಲ್ಲಿ ಹಿಡಿದುಕೊಂಡೆ. ದಾರಿಯುದ್ದಕ್ಕೂ ಸೋಬಾನೆ ಪದಕ್ಕೆ ಡ್ರಮ್ಮು ಸೇರಿಸಿದ ಹಾಡು. ಒಂದು ಹಂಪಿಗೂ ನಿಲ್ಲಲಿಲ್ಲ. "ಸರ್ಯಾಗದ ಭಾವ," ಎಂದು ಅವನು ಕಣ್ಣಲ್ಲಿ ನೀರು ತಂದುಕೊಂಡ.

ದೂರದಿಂದಲೇ ಮನೆ ಮುಂದೆ ಜನ ಕಂಡರು. ಹತ್ತಿರವಾದಂತೆ ಹಾರ ಕಂಡಿತು, ಬಿದಿರು ಕಂಡಿತು, ಬಾಳೆಕಂದು ಕಂಡಿತು. ಹೆಂಗಸರ ಅಳು ಹಾಡಿನ ಸಂದಿಯಲ್ಲಿ ಕೇಳಿತು.

"ಭಾವ, ಯಜಮಾನ್ರು ಓಗ್ಬುಟ್ರು," ಎಂದ ಬಸವಕುಮಾರ.

"ಹಾಡು ನಿಲ್ಸು ಮೊದ್ಲು."

ಅವನು ಕೀ ತಿರುಗಿಸಿದ. ಕಾರು ಹಂಪಿನ ಆಚೆ, ಅಳುವವರ ನಟ್ಟ ನಡುವೆ ನಿಂತಿತು. ಹಾಡು ನಿಲ್ಲಲಿಲ್ಲ. ಕೀಯನ್ನು ಪೂರ್ತಿ ಕಿತ್ತು ಕೈಯಲ್ಲಿ ಹಿಡಿದ. ಹಾಡು ಚರಣಕ್ಕೆ ಬಂತು. ಇದುವರೆಗೆ ಆ ಸೆಟ್ಟು ತಾನೇ ನಿಲ್ಲುತ್ತಿದ್ದರಿಂದ, ಅದನ್ನು ನಿಲ್ಲಿಸುವ ಬಟನ್ ಯಾವುದು ಎಂದು ನಾವಿಬ್ಬರೂ ವಿಚಾರಿಸಿರಲಿಲ್ಲ. ಬಸವಕುಮಾರ ಸಿಕ್ಕಿದ್ದನ್ನು ತಿರುಗಿಸಿದ. ಸದ್ದು ಇಮ್ಮಡಿಯಾಯಿತು. ಹೆಣ್ಣಿನ ಅಂದಚಂದ ಹೊಗಳುವ ಸೋಬಾನೆ, ಡ್ರಮ್ಮಿನೊಂದಿಗೆ, ಸಾವಿನ ಮನೆಯ ಮುಂದೆ. ಕೈಯಲ್ಲಿದ್ದ ಬೆಲ್ಟನ್ನು ನಾನು ಆಗಲೇ ಕತ್ತಿಗೆ ಬಿಗಿದುಕೊಂಡಿದ್ದರೆ ಒಳ್ಳೆಯದಿತ್ತು.

ಒಳಗಿನ ಸ್ಥಿತಿ ಆಮೇಲೆ ತಿಳಿಯಿತು. ಹನೂರಿನಿಂದ ದೊಡ್ಡಮಾದಪ್ಪನವರ ತಂಗಿ ಸೋಮಮ್ಮ ಬೆಳಗಿನ ಬಸ್ಸಿಗೇ ಬಂದು ಬಾಗಿಲಲ್ಲಿ ಎದೆ ಬಡಿದುಕೊಂಡು ಅಳತೊಡಗಿದ್ದಳು. ಅಣ್ಣ ತಂಗಿಗೆ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಅಂಥವಳು ಅಳುತ್ತ ಬಂದಳೆಂದರೆ ಹನೂರಿನಲ್ಲೇ ಯಾರೋ ತೀರಿಕೊಂಡಿದ್ದಾರೆ ಎಂದು ಭವ್ಯಳ ತಾಯಿಯೂ ಅವಳನ್ನು ತಬ್ಬಿಕೊಂಡು ಅತ್ತರು. ಇವರು ಅತ್ತದ್ದು ನೋಡಿ ಬಂದವರೆಲ್ಲ ಅತ್ತರು. ಯಾರು ಸತ್ತದ್ದು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಬಾಗಿಲ ಪರದೆ ಸರಿಯಿತು. ಕೆನ್ನೆಗೆ ಮಫ್ಲರ್ ಕಟ್ಟಿಕೊಂಡು ದೊಡ್ಡಮಾದಪ್ಪನವರು ಹೊರಗೆ ಬಂದರು.

"ಯಾವನ್ಲಾ ಅವ್ನು, ಸಾವಿನ ಮನ ಮುಂದ ಹಾಡು ಆಕಿರೋನು?"

ಚನ್ನಾಜಮ್ಮ ಕಲ್ಲಿನ ಮೇಲೆ ಕುಸಿದಳು. ಹಾರ ಹಿಡಿದವರು ಹಾರವನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಸೋಮಮ್ಮ ಬಾಯಿ ತೆರೆದು ಅಣ್ಣನನ್ನು ಮೇಲಿಂದ ಕೆಳಗೆ ನೋಡಿದಳು. ಮುಟ್ಟಿ ನೋಡಿದಳು. ಆಮೇಲೆ ಅದೇ ಉಸಿರಿನಲ್ಲಿ ಬೈಯತೊಡಗಿದಳು.

"ಇದ್ದೀಯಲ್ಲೋ. ನಾ ಎದ್ನೋ ಬಿದ್ನೋ ಅಂತ ಮೊದಲ್ನೇ ಬಸ್ಗೇ ಬಂದಿವ್ನಿ, ನೀನು ಮಫ್ಲರ್ ಕಟ್ಕಂಡು ನಿಂತಿದೀಯಲ್ಲೋ."

"ಸತ್ತಿರೋದು ಯಾರವ್ವ?" ಎಂದರು ದೊಡ್ಡಮಾದಪ್ಪನವರು.

"ನೀನೇ ಕನಣ್ಣ," ಎಂದಳು ಸೋಮಮ್ಮ.

ಆಗ ಭವ್ಯ ಜನರನ್ನು ಸರಿಸಿಕೊಂಡು ಕಾರಿನ ಬಳಿ ಬಂದಳು. ಕಿಟಕಿಯೊಳಗೆ ಕೈ ಹಾಕಿ, ಒಂದು ಬಟನನ್ನು ಒಂದೇ ಬೆರಳಿನಿಂದ ಒತ್ತಿದಳು. ಹಾಡು ನಿಂತಿತು.

"ಇದು ಆಫ್ ಬಟನು," ಎಂದಳು ಬಸವಕುಮಾರನಿಗೆ.

ನಂತರ ಜಗಲಿಯ ಮೇಲೆ ವಿಚಾರಣೆ ಶುರುವಾಯಿತು. ಚನ್ನಾಜಮ್ಮ ಸಾಕ್ಷಿ ಹೇಳಿದಳು. ಎರಡು ದಿನ, ನಾಲ್ಕು ಸಲ, ಪ್ರತಿ ಸಲವೂ ಇದೇ ಮನೆ ಮುಂದೆ. ಅವಳ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ.

"ನಾಕ್ ಸಲ ನನ್ನ ಸಾಯ್ಸಿದ್ದೀಯ," ಎಂದರು ದೊಡ್ಡಮಾದಪ್ಪನವರು. ನೋವಿಗೆ ಅರ್ಧ ಬಾಯಿ ಮಾತ್ರ ತೆರೆಯುತ್ತಿದ್ದದ್ದರಿಂದ ಮಾತು ಇನ್ನೂ ಖಾರವಾಗಿತ್ತು. "ಮದ್ವ ಮಾತು ಆಡಕ ಬಂದೋನು, ತಾತ ಯಾವಾಗ ಓಯ್ತಾನೆ ಅಂತ ಕಾಯ್ತಿದ್ದೀಯೇನ್ಲಾ?"

"ಇಲ್ಲ ಯಜಮಾನ್ರೇ. ನಾ ನಿಲ್ಸಿಲ್ಲ. ಅದೇ ನಿಂತ್ಕತದ. ಆಂಪ್ಲಿಫೈಯರು."

"ಈ ಊರ್ಲಿ ಎಷ್ಟ್ ಮನ ಅವ? ಅಷ್ಟ್ರಲ್ಲೂ ನಮ್ಮನೇನೇ ನೋಡಿ ನಿಂತ್ಕಳಕ ನಿನ್ನ ಡಬ್ಬಕ್ಕ ಯಾರ್ಲಾ ಅಡ್ರೆಸ್ ಕೊಟ್ಟೋರು?"

ಶವ ಕೂರಿಸುವ ವಿಮಾನ ಕಟ್ಟಲು ಬಿದಿರು ತಂದಿದ್ದ ಮುತ್ತಯ್ಯ ನ್ಯಾಯದ ದಾರಿ ತೋರಿಸಿದ. "ಆಯ್ತು, ಈಗ ನಮ್ಮ ಮುಂದ ಓಡ್ಸಿ ತೋರ್ಸ್ಲಿ. ನಿಂತ್ರ ಡಬ್ಬದ ತಪ್ಪು. ನಿಲ್ದೆ ಓದ್ರ ಇವನ್ದು."

ಊರೆಲ್ಲ ಒಪ್ಪಿತು. ಹಣ್ಣು, ಕಾಯಿ, ಹೂವು ಕೆಳಗಿಳಿಸಿದರು. ಬಸವಕುಮಾರ ಒಬ್ಬನೇ ಕಾರು ಹತ್ತಿ, ಮಲೆ ಮಾದಪ್ಪನಿಗೆ ಕೈ ಮುಗಿದು, ಹಾಡು ಹಾಕಿ ಹಂಪು ಹತ್ತಿಸಿದ. ಆಂಪ್ಲಿಫೈಯರು ನಿಲ್ಲಲಿ ಎಂದು ದೇವರನ್ನು ಬೇಡಿಕೊಂಡವನು ಪ್ರಪಂಚದಲ್ಲಿ ಅವನೊಬ್ಬನೇ ಇರಬೇಕು. ಹಾಡು ನಿಲ್ಲಲಿಲ್ಲ. ತಿರುಗಿಸಿಕೊಂಡು ಬಂದ. ನಿಲ್ಲಲಿಲ್ಲ. ಮೂರನೆಯ ಸಲ ಹಂಪಿನ ಮೇಲೆ ಕಾರು ನೆಗೆದು ಎಡ ಬಾಗಿಲು ತೆರೆದುಕೊಂಡಿತು. ಹಾಡು ಮಾತ್ರ ಕೊಂಕಿಲ್ಲದೆ ನಡೆಯಿತು.

ಅವನು ಕಾರಿನಿಂದ ಇಳಿದ. ದೊಡ್ಡಮಾದಪ್ಪನವರು ನನ್ನ ಕಡೆ ತಿರುಗಿ, "ಕ್ಲಾರ್ಕ್ ಸಾಹೇಬ್ರೇ, ಹಣ್ಣುಕಾಯಿ ತಕಂಡು ಒಂಟ್ಬುಡಿ. ನಮ್ಮ ಉತ್ರ ಇಷ್ಟೇ," ಎಂದರು.

ಬಸವಕುಮಾರ ಬಗ್ಗಿ ಹೂವಿನ ಮಂಕರಿ ಎತ್ತಿಕೊಂಡ. ಹನ್ನೊಂದು ಮನೆಗಳಿಂದ ಎದ್ದು ಬಂದಾಗಲೂ ಅವನು ದಾರಿಯಲ್ಲಿ ಏನಾದರೊಂದು ತಮಾಷೆ ಮಾಡುತ್ತಿದ್ದ. ಈಗ ಮಂಕರಿಯಿಂದ ಉದುರಿದ ಹೂವನ್ನು ಒಂದೊಂದಾಗಿ ಆರಿಸತೊಡಗಿದ. ನನಗೆ ನಿಜಕ್ಕೂ ಸಂಕಟವಾಯಿತು.

"ತಾತ, ಒಂದ್ ನಿಮಿಷ," ಎಂದಳು ಭವ್ಯ. ಬಸವಕುಮಾರನ ಕಡೆ ನೋಡದೆ ಕಾರನ್ನೇ ನೋಡುತ್ತಿದ್ದಳು. "ಶನಿವಾರ ಭಾನುವಾರ ನಿಂತಾಗ ಕಾರಲ್ಲಿ ಯಾರ್ಯಾರಿದ್ರಿ?"

"ನಾನೂ ಭಾವನೂ."

"ಇವತ್ತು ಬರೋವಾಗ?"

"ನಾನೂ ಭಾವನೂ."

"ಇವ್ರು ಅವಾಗ ಎಲ್ಲಿ ಕೂತಿದ್ರು, ಇವತ್ತೆಲ್ಲಿ ಕೂತಿದ್ರು?"

"ಅವಾಗ ಹಿಂದ. ಇವತ್ತು ಮುಂದ."

ಹುಡುಗಿ ನನ್ನನ್ನು ನೋಡಿದಳು. ಮೋಟರಿಗೆ ಎಷ್ಟು ತಂತಿ ಹಿಡಿಯುತ್ತದೆ ಎಂದು ಅಂದಾಜು ಮಾಡುವವರು ನೋಡುವಂತೆ, ಸುತ್ತಳತೆಯಲ್ಲಿ ನೋಡಿದಳು. "ಸಾರ್, ಸ್ವಲ್ಪ ಹಿಂದಿನ ಸೀಟಲ್ಲಿ ಕೂತ್ಕೋತೀರಾ?"

ನನ್ನ ತೂಕ ನೂರಾ ಎಂಟು ಕೇಜಿ. ಈ ಕಥೆಗೆ ಅದು ಅಪ್ರಸ್ತುತ ಎಂದು ಭಾವಿಸಿ ಇದುವರೆಗೆ ಹೇಳಿರಲಿಲ್ಲ.

ಊರಿನವರು, ನೆಂಟರು, ಹಾರ ತಂದವರು, ಬಿದಿರು ತಂದವರು ಎಲ್ಲರ ಎದುರಿಗೆ ನಾನು ಹಿಂದಿನ ಸೀಟಿನಲ್ಲಿ ಕೂತೆ. ಬಸವಕುಮಾರ ಹಾಡು ಹಾಕಿ ಹಂಪು ಹತ್ತಿಸಿದ. ಹಿಂದಿನ ಚಕ್ರ ದಢಕ್ಕನೆ ಇಳಿಯಿತು. ಹಾಡು ಗಪ್ಪನೆ ನಿಂತಿತು.

ನೂರು ಜನ ಒಟ್ಟಿಗೆ ಓಹೋ ಎಂದರು.

"ಇನ್ನೊಂದ್ ಸಲ," ಎಂದರು ದೊಡ್ಡಮಾದಪ್ಪನವರು. ಇನ್ನೊಂದು ಸಲವೂ ನಿಂತಿತು. "ಅವ್ರು ಇಳೀಲಿ." ನಾನು ಇಳಿದೆ, ಹಾಡು ನಡೆಯಿತು. "ಈಗ ಅತ್ಲಿ." ಹತ್ತಿದೆ, ನಿಂತಿತು. ಮುತ್ತಯ್ಯನಿಗೆ ಎಡಗಡೆ ಕೂತರೇನಾಗುತ್ತದೆ ಎಂದು ನೋಡಬೇಕಿತ್ತು. ಸೋಮಮ್ಮ ಪೂರ್ತಿ ನೋಡಿರಲಿಲ್ಲವಂತೆ, ಅವಳಿಗಾಗಿ ಇನ್ನೊಂದು ಸಲ. ಒಟ್ಟು ಒಂಬತ್ತು ಬಾರಿ ಆ ಹಂಪನ್ನು ನಾನು ನನ್ನ ಬೆನ್ನುಮೂಳೆಯಿಂದ ಅಳೆದೆ. ಇಪ್ಪತ್ತಾರು ವರ್ಷದ ನನ್ನ ಸೇವೆಯಲ್ಲಿ ರಗಳೆಯ ಮೂಲ ಪತ್ತೆ ಹಚ್ಚಲು ಇಷ್ಟು ಸ್ಪಷ್ಟವಾದ ತನಿಖೆ ಕಂಡದ್ದಿಲ್ಲ.

ಭವ್ಯ ಅಂಗಡಿಯಿಂದ ಟೆಸ್ಟರು, ಇನ್ಸುಲೇಷನ್ ಟೇಪು ತಂದು ಹಿಂದಿನ ಸೀಟು ಎತ್ತಿದಳು. ಸೀಟಿನ ಕಬ್ಬಿಣದ ಕಂಬಿಯ ಅಡಿಯಲ್ಲೇ ಮಣಿಕಂಠ ಸ್ಪೀಕರಿನ ವೈರು ಎಳೆದಿದ್ದ. ನನ್ನ ಭಾರಕ್ಕೆ ಕಂಬಿ ಒತ್ತಿ ಒತ್ತಿ ಸಿಪ್ಪೆ ಹರಿದು ತಾಮ್ರ ಕಾಣುತ್ತಿತ್ತು. ಹಂಪಿನ ಮೇಲೆ ಕಾರು ಕುಕ್ಕಿದಾಗ ಅದು ಕಾರಿನ ಕಬ್ಬಿಣಕ್ಕೆ ತಾಕುತ್ತಿತ್ತು, ಆಂಪ್ಲಿಫೈಯರು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅವಳು ವೈರನ್ನು ಈಚೆ ಎಳೆದು ಟೇಪು ಸುತ್ತತೊಡಗಿದಳು. ಸುತ್ತುತ್ತಲೇ ಕೇಳಿದಳು.

"ವೈರೆಲ್ಲ ಹೊಸ್ದಾಗದ. ಈ ಸೆಟ್ಟು ಯಾವಾಗ ಹಾಕ್ಸಿದ್ದು?"

ಬಸವಕುಮಾರ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. ಹೋದ ವರ್ಷ ಎನ್ನಬಹುದಿತ್ತು. ಅಷ್ಟು ಸಲೀಸಾದ ಸುಳ್ಳನ್ನು ಅವನು ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

"ಮೊನ್ನ ಶುಕ್ರವಾರ. ನೀವು ಕೇಳ್ದಾಗ ಇರ್ಲಿಲ್ಲ. ಸುಳ್ಳು ಯೋಳ್ಬುಟ್ಟೆ."

"ನಾನು ಸೆಟ್ಟು ಅದಾ ಅಂತ ಕೇಳ್ಲಿಲ್ವಲ್ಲ. ಹಾಡು ಕೇಳ್ತೀರಾ ಅಂತ ಕೇಳ್ದೆ."

"ಕೇಳ್ತೀನಿ," ಎಂದ ಬಸವಕುಮಾರ. "ಗದ್ದೇಲಿ. ಫೋನಲ್ಲಿ. ನೀರು ಕಟ್ಟೋವಾಗ."

ಹತ್ತಿರದಲ್ಲೇ ನಿಂತು ಕೇಳುತ್ತಿದ್ದ ದೊಡ್ಡಮಾದಪ್ಪನವರು ಮಫ್ಲರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಸುತ್ತ ನೋಡಿದರು. ಹನೂರಿನವರು, ಯಳಂದೂರಿನವರು, ನಾಲ್ಕು ವರ್ಷ ಮುಖ ತಿರುಗಿಸಿದ್ದ ತಂಗಿ, ಕೈಯಲ್ಲಿ ಹಾರ, ನೆಲದಲ್ಲಿ ಬಾಳೆಕಂದು, ಬಿದಿರು.

"ನಾ ನಿಜ್ವಾಗ್ಲೂ ಸತ್ರ ಇಷ್ಟ್ ಜನ ಬಂದಾರು ಅಂತ ಅಂದ್ಕಂಡಿರ್ಲಿಲ್ಲ," ಎಂದರು. "ಬಂದೋರ್ನ ಉಣ್ಣಕಿಕ್ದೆ ಹೆಂಗ್ಲಾ ಕಳ್ಸೋದು. ಏನವ್ವ ಭವ್ಯ, ಇವ್ನೇನು? ಒಪ್ಪಿಗೇನಾ?"

ಭವ್ಯ ಟೇಪನ್ನು ಹಲ್ಲಿನಿಂದ ಕತ್ತರಿಸಿ ತುದಿ ಒತ್ತಿದಳು. "ವೈರು ಸರಿಹೋಯ್ತು ತಾತ. ಇವ್ರು ಸರಿಹೋಗಕ ಟೈಮ್ ಹಿಡೀತದ. ಶಾಸ್ತ್ರ ಮಾಡ್ಬುಡಿ, ಬೇಗ ಶುರು ಮಾಡ್ಕೋತೀನಿ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಯಾರೋ ಹಿರಿಯರು ತಡೆದು, ಸಾವಿಗೆ ತಂದ ಹೂವು ಬಾಳೆಕಂದು ಶುಭಕ್ಕೆ ಬರುತ್ತವೆಯೇ ಎಂದು ಸಂಶಯ ಎತ್ತಿದರು.

"ನಮ್ಮಂಥ ಲಿಂಗ ಕಟ್ಟಿದೋರ್ಗ ಸತ್ರೇ ಸೂತಕ ಇಲ್ಲ," ಎಂದರು ದೊಡ್ಡಮಾದಪ್ಪನವರು. "ಇನ್ನು ಸಾಯ್ದಿರೋನ್ಗ ಎಲ್ಲಿಂದ ಬತ್ತದ? ಮುತ್ತಯ್ಯ, ನಿನ್ ಬಿದಿರ್ಲಿ ಚಪ್ರ ಆಕು. ಹಸಿ ಬಿದಿರು ತಂದಿದ್ದೀಯ, ನನ್ನ ತೂಕಕ್ಕ ಮುರ್ಕಂಡಿದ್ರೆ ಏನ್ ಗತಿ."

ಮಧ್ಯಾಹ್ನದೊಳಗೆ ಚಪ್ಪರ ಎದ್ದಿತು. ಬಾಗಿಲಿಗೆ ಬಾಳೆಕಂದು ಕಟ್ಟಿದರು. ಮೋಟರಿನ ಕೆಲಸ ಮುಗಿಸಿ ಭವ್ಯಳ ಅಪ್ಪನೂ ಬಂದು ಸೇರಿದರು. ಶಿವರತ್ನಮ್ಮನವರನ್ನೂ ನನ್ನ ಹೆಂಡತಿಯನ್ನೂ ಬೇರೆ ಕಾರಿನಲ್ಲಿ ಕರೆಸಿದರು. ನಾನು ಹೋಗಿ ಕರೆತರುತ್ತೇನೆ ಅಂದದ್ದಕ್ಕೆ ಯಾರೂ ಒಪ್ಪಲಿಲ್ಲ. ವೈರು ಪರೀಕ್ಷೆಗೆಂದು ಹಾಕಿದ್ದ ಹಾಡು ಅಂಗಳದಲ್ಲಿ ನಿಂತ ಕಾರಿನಿಂದ ಡ್ರಮ್ಮು ಬಡಿಯುತ್ತಲೇ ಇತ್ತು. ಗಂಡು ಹೆಣ್ಣನ್ನು ಎದುರುಬದುರು ಕೂರಿಸಿ ತಾಂಬೂಲ ಬದಲಾಯಿಸುವ ಹೊತ್ತಿಗೆ ಚನ್ನಾಜಮ್ಮ ಸೆರಗಿನಿಂದ ಮೂಗೊರೆಸಿಕೊಂಡು, ಬೆಳಿಗ್ಗೆ ಅಳಲೆಂದು ಹದ ಮಾಡಿಕೊಂಡು ಬಂದಿದ್ದ ಗಂಟಲಿನಲ್ಲೇ ಸೋಬಾನೆ ಎತ್ತಿದಳು. ಸೋಮಮ್ಮ ದನಿ ಕೂಡಿಸಿದಳು. ಕಾರಿನ ಅಬ್ಬರದಲ್ಲಿ ಅವರ ಪದ ಯಾರಿಗೂ ಕೇಳಿಸಲಿಲ್ಲ.

ಬಸವಕುಮಾರ ಮಣೆ ಬಿಟ್ಟು ಎದ್ದ. ಶಾಸ್ತ್ರದ ನಡುವೆ ಎಲ್ಲಿಗೆ ಹೊರಟ ಎಂದು ಎಲ್ಲರೂ ಗಾಬರಿಯಾದರು. ಅವನು ಅಂಗಳ ದಾಟಿ, ಕಿಟಕಿಯೊಳಗೆ ಕೈ ಹಾಕಿ, ಅವಳು ತೋರಿಸಿದ್ದ ಬಟನನ್ನು ತಾನೇ ಒತ್ತಿ, ಬಂದು ಮತ್ತೆ ಮಣೆಯ ಮೇಲೆ ಕೂತ. ಚನ್ನಾಜಮ್ಮನ ಪದ ಆಮೇಲೆ ಊರಿಗೆಲ್ಲ ಕೇಳಿಸಿತು.